ಹಲ್ಲು ಹುಟ್ಟದ ಜಾಗ

ಅಪ್ಪನ ದವಡೆ ಮತ್ತೆ ಜಾರಿತು. ಪ್ರೇಮಲತಾ ಹಳೇ ಪಂಚೆಯಿಂದ ಹರಿದ ಪಟ್ಟಿಯನ್ನು ಬಿಚ್ಚಿ, ಗಲ್ಲದ ಕೆಳಗಿಂದ ತಂದು, ನೆತ್ತಿಯ ಮೇಲೆ ಇನ್ನೊಮ್ಮೆ ಬಿಗಿಯಾಗಿ ಗಂಟು ಹಾಕಿದಳು. ತೆರೆಯಬೇಕಾದ ಹೊತ್ತಿನಲ್ಲಿ ತೆರೆಯದ ಬಾಯಿ ಈಗ ಮುಚ್ಚುವುದಿಲ್ಲ ಎಂದು ಹಟ ಹಿಡಿದಿದೆಯಲ್ಲ ಎಂದು ಅವಳಿಗೆ ಸಿಟ್ಟು ಬಂತು. ಹೆಣದ ಮೇಲೆ ಸಿಟ್ಟಾದದ್ದಕ್ಕೆ ಹಿಂದೆಯೇ ಅಳುವೂ ಬಂತು. ಅಳು ಬಂದೊಡನೆ ಎಡಗೈ ತಾನಾಗಿ ಬಾಯಿಗೆ ಹೋಯಿತು. ಚಿಕ್ಕಂದಿನಿಂದ ಅವಳದು ಅದೇ ಅಭ್ಯಾಸ. ನಕ್ಕರೂ ಅಷ್ಟೆ, ಅತ್ತರೂ ಅಷ್ಟೆ, ಬಾಯಿಗೆ ಕೈ ಅಡ್ಡ.

ಕ್ಯಾತ್ಸಂದ್ರದ ಆ ಮನೆಯ ಹಜಾರದಲ್ಲಿ ಹೆಣ ಮಲಗಿಸಿದ ಜಾಗದ ಎದುರಿಗೇ ಗಾಜಿನ ಬೀರು. ಅದರ ತುಂಬ ಬೆಂಕಿಪೊಟ್ಟಣಗಳು. ಪೊಟ್ಟಣಕ್ಕೊಂದರಂತೆ, ಹತ್ತಿಯ ಮೇಲೆ ಇಲಿಯ ಬುರುಡೆ. ಅಪ್ಪ ವೆಂಕಟರಂಗಯ್ಯ ತುಮಕೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತರಾದವರು. ಜನರ ಬಾಯಲ್ಲಿ ಮಾತ್ರ ಇಲಿ ಮೇಷ್ಟ್ರು. ಮಾರ್ಕೋನಹಳ್ಳಿ ಹಿನ್ನೀರಿನ ನಡುವೆ ಉಳಿದುಹೋದ ಎರಡು ಗುಡ್ಡೆಗಳ ಇಲಿಗೂ ದಡದ ಇಲಿಗೂ ತಲೆಯಲ್ಲಿ ಏನು ವ್ಯತ್ಯಾಸ ಎಂದು ಅಳೆಯುವುದರಲ್ಲೇ ಅರ್ಧ ಆಯುಸ್ಸು ಕಳೆದರು. ಡಾಕ್ಟರೇಟೂ ಬರಲಿಲ್ಲ, ಹೆಸರೂ ಬರಲಿಲ್ಲ. ಬೆಂಕಿಪೊಟ್ಟಣ ಕೂಡಿಟ್ಟದ್ದೇ ಬಂತು ಎಂದು ಹೆಂಡತಿ ಸುಬ್ಬಲಕ್ಷ್ಮಮ್ಮ ಅನ್ನದ ದಿನವಿಲ್ಲ.

ಇವತ್ತು ಸುಬ್ಬಲಕ್ಷ್ಮಮ್ಮ ಆ ಮಾತು ಅನ್ನಲಿಲ್ಲ. ಗಂಡನ ಕಾಲ ಬಳಿ ಕೂತು, ಆ ಬೀರುವಿಗೆ ಒಂದು ಬೆಡ್‌ಶೀಟ್ ಹೊದಿಸಿ ಎಂದರು. ಅವು ನೋಡುತ್ತಾ ಕೂತಿದ್ದರೆ ಇವರು ಹೊರಡುವುದಿಲ್ಲ ಎಂದರು. ಪ್ರೇಮಲತಾಳ ಗಂಡ ಜಯಪ್ರಕಾಶ ಹೂವಿನ ಬೆಡ್‌ಶೀಟ್ ತಂದು ಹೊದಿಸಿದ.

ಊರಿಂದ ವ್ಯಾನ್ ತಂದವನು ಮೋಹನ್‌ಕುಮಾರ್. ವೆಂಕಟರಂಗಯ್ಯನವರ ತೀರಿಹೋದ ಅಣ್ಣನ ಮಗ. ಮಾರ್ಕೋನಹಳ್ಳಿ ಹಿನ್ನೀರಿನ ಪಕ್ಕದ ತೋಟ ನೋಡಿಕೊಂಡು, ಕುಣಿಗಲ್‌ನಲ್ಲಿ ಸಿಮೆಂಟ್ ಅಂಗಡಿ ಇಟ್ಟುಕೊಂಡವನು. ಕೆಟ್ಟವನಲ್ಲ. ಚಿಕ್ಕಪ್ಪ ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಎಳನೀರು ತಂದುಕೊಟ್ಟಿದ್ದ. ಅವನು ಪ್ರೇಮಲತಾಳನ್ನು ಅಡುಗೆಮನೆ ಬಾಗಿಲಿಗೆ ಕರೆದು, ನೆಲ ನೋಡುತ್ತಾ ಹೇಳಿದ.

"ಪ್ರೇಮಕ್ಕ, ತಪ್ಪು ತಿಳ್ಕೋಬೇಡ. ಮೊದಲ್ನೇ ಮಣ್ಣು ನಾನು ಹಾಕ್ತೀನಿ. ಕದರಯ್ಯ ದೊಡ್ಡಪ್ಪನೂ ಹಂಗೇ ಅಂದವ್ರೆ. ಮನೆ ರಕ್ತದೋರೇ ಹಾಕ್ಬೇಕಂತೆ."

"ನಾನು ಯಾರ ರಕ್ತ, ಮೋಹನ?"

ಅವನು ಮೊಬೈಲ್ ತೆಗೆದು ನೋಡಿದ. ಅದು ರಿಂಗಾಗಿರಲಿಲ್ಲ.

ಉತ್ತರ ಗೊತ್ತಿದ್ದ ಒಬ್ಬ ಮನುಷ್ಯನ ದವಡೆಗೆ ಅವಳು ಈಗಷ್ಟೇ ಗಂಟು ಹಾಕಿ ಬಂದಿದ್ದಳು.

*

ಪ್ರೇಮಲತಾ ಹುಟ್ಟಿದ ರಾತ್ರಿ ತುಮಕೂರಿನಲ್ಲಿ ಕರೆಂಟು ಹೋಗಿತ್ತಂತೆ. ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಇಬ್ಬರು ಹೆಂಗಸರಿಗೆ ಹೆಚ್ಚುಕಡಿಮೆ ಒಟ್ಟಿಗೆ ಹೆರಿಗೆಯಾಯಿತು. ನರ್ಸು ಎರಡು ಕೂಸುಗಳನ್ನೂ ಮೈ ತೊಳೆಯಲು ಒಯ್ದು, ಮೇಣದಬತ್ತಿಯ ಬೆಳಕಿನಲ್ಲಿ ವಾಪಸು ತಂದುಕೊಟ್ಟಳು. ಮಾರನೆಯ ದಿನ ವೆಂಕಟರಂಗಯ್ಯನವರ ತಾಯಿ ಪುಟ್ಟಗಂಗಮ್ಮ ಬಂದು ಕೂಸನ್ನು ಎತ್ತಿ, ಕಿಟಕಿಯ ಬಳಿ ಒಯ್ದು ನೋಡಿ, ಮತ್ತೆ ಸೊಸೆಯ ಪಕ್ಕಕ್ಕೆ ಇಟ್ಟುಬಿಟ್ಟರು. ಇದು ನಮ್ಮ ಮನೆ ಮೊಕ ಅಲ್ಲ, ಅದಲುಬದಲಾಗೈತೆ ಎಂದರು. ಅಂದ ಮಾತು ಅಲ್ಲಿಗೇ ನಿಲ್ಲಬೇಕಲ್ಲ. ಬಸ್ಸು ಹತ್ತಿತು, ಊರಿಗೆ ಹೋಯಿತು, ನೆಂಟರ ಮನೆಗಳಲ್ಲೆಲ್ಲ ಉಂಡು ಮಲಗಿತು. ಮೊಮ್ಮಗಳಿಗೆ ಆರು ತುಂಬಿದ ವರ್ಷ ಪುಟ್ಟಗಂಗಮ್ಮ ತೀರಿಕೊಂಡರೂ ಮಾತು ಸಾಯಲಿಲ್ಲ.

ಆ ಅಜ್ಜಿಯನ್ನು ಪ್ರೇಮಲತಾ ಒಂದೇ ಸಲ ಕಂಡ ನೆನಪು. ಹಟ್ಟಿಯ ಬಾಗಿಲಲ್ಲಿ ನಿಂತ ಎತ್ತರದ ಹೆಂಗಸು. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ, "ಇದು ನಮ್ದಲ್ಲ ಕಣ್ಲಾ ವೆಂಕ್ಟ" ಎಂದದ್ದು. ಅವತ್ತಿನಿಂದ ಜ್ವರ ಬಂದಾಗಲೆಲ್ಲ ಆ ಹೆಂಗಸು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಪರೀಕ್ಷೆಯ ಹಿಂದಿನ ರಾತ್ರಿ ನಿಂತಳು. ಮದುವೆಯ ಹಿಂದಿನ ರಾತ್ರಿ ನಿಂತಳು. ಬಾಣಂತಿಕೋಣೆಯಲ್ಲಿ ಮಗಳ ತೊಟ್ಟಿಲ ಪಕ್ಕವೂ ನಿಂತಳು. ಮುಖ ಪೂರ್ತಿ ಕಾಣಿಸಿದರೆ ಹೆದರಿಕೆ ಹೋದೀತು ಎಂದು ಪ್ರೇಮಲತಾಳಿಗೆ ಅನ್ನಿಸುತ್ತಿತ್ತು. ಕನಸಿನಲ್ಲೂ ಸೆರಗು ಸರಿಯುತ್ತಿರಲಿಲ್ಲ.

ಅಪ್ಪ ಆಮೇಲೆ ಅವಳನ್ನು ಊರ ಮನೆಗೆ ಕರೆದೊಯ್ಯಲಿಲ್ಲ. ಊರು ದಾಟಿ ಹಿನ್ನೀರಿಗೆ ಮಾತ್ರ ಕರೆದೊಯ್ಯುತ್ತಿದ್ದರು. ಚಿಕ್ಕಬೋರಯ್ಯ ಎಂಬ ಮೀನುಗಾರನ ತೆಪ್ಪದಲ್ಲಿ ಗುಡ್ಡೆಗೆ ಹೋದರೆ, ಅಲ್ಲೊಂದು ಬಂಡೆಯ ಸಂದಿಯಲ್ಲಿ ಗೂಬೆಗಳ ಸಂಸಾರ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಕೂದಲು ಮೂಳೆಯನ್ನು ಉಂಡೆ ಮಾಡಿ ಉಗುಳುತ್ತದೆ. ಅಪ್ಪ ಆ ಉಂಡೆಗಳನ್ನು ನೀರಿನಲ್ಲಿ ನೆನೆಸಿ, ಕಡ್ಡಿಯಲ್ಲಿ ಬಿಡಿಸಿ, ಬುರುಡೆಯನ್ನು ಹೊರಗೆ ತೆಗೆಯುತ್ತಿದ್ದರು. ಒಂದು ದಿನ ಎರಡು ಬುರುಡೆಗಳನ್ನು ಅವಳ ಅಂಗೈಯಲ್ಲಿ ಇಟ್ಟರು. ಒಂದು ದಡದ್ದು, ಇನ್ನೊಂದು ಗುಡ್ಡೆಯದು. ಗುಡ್ಡೆಯದು ದಪ್ಪ, ಮೂತಿ ಮೋಟು. ಇವು ಬೇರೆ ಬೇರೆ ಜಾತಿ ಎಂದಳು ಅವಳು.

"ಒಂದೇ ತಾಯಿ ಮಕ್ಕಳು ಕಣಮ್ಮ. ಅಣೆಕಟ್ಟು ಕಟ್ಟಿದ್ರು, ನೀರು ಬಂತು, ಅರ್ಧ ಜನ ಆ ಕಡೆ ಉಳ್ಕೊಂಡ್ರು, ಅರ್ಧ ಜನ ಈ ಕಡೆ." ಇಲಿಗಳನ್ನು ಅಪ್ಪ ಜನ ಎಂದೇ ಕರೆಯುತ್ತಿದ್ದರು. "ಇಲ್ಲಿ ಮುಂಗುಸಿ ಇಲ್ಲ, ತಿನ್ನೋದೆಲ್ಲ ಗಟ್ಟಿ ಬೀಜ. ತಲೆ ದಪ್ಪ ಆಯ್ತು."

"ಹಂಗಾದ್ರೆ ಒಂದೇ ಅಂತ ನಿಮಗೆ ಹೆಂಗೆ ಗೊತ್ತು?"

ಅಪ್ಪ ಎರಡನ್ನೂ ಮಗುಚಿ ಹಿಡಿದರು. "ಮೊಕ ನೋಡಿ ಹೇಳಕ್ಕಾಗಲ್ಲ. ಮೊಕ ಬದಲಾಗ್ತಾ ಹೋಗುತ್ತೆ. ಬಾಯೊಳಗೆ ನೋಡ್ಬೇಕು."

ಒಳಗೆ ದವಡೆ ಹಲ್ಲುಗಳ ಗೆರೆ ಎರಡರಲ್ಲೂ ಒಂದೇ ಥರ ಇತ್ತು. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗ. ಇಲ್ಲಿನ ಹಲ್ಲು ಬಿದ್ದುಹೋಗಿದೆಯಾ ಎಂದು ಕೇಳಿದಳು. ಅಪ್ಪ ಅವಳ ಬೆರಳನ್ನು ಹಿಡಿದು ಅಲ್ಲಿ ಸವರಿಸಿದರು. ಬಿದ್ದಿದ್ದರೆ ಗುಳಿ ಇರುತ್ತಿತ್ತು, ಇಲ್ಲಿ ಹಲ್ಲು ಹುಟ್ಟೇ ಇಲ್ಲ, ನುಣ್ಣಗಿದೆ ನೋಡು ಎಂದರು.

*

ಕುಣಿಗಲ್ ದಾಟಿ ಊರು ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ತೋಟದ ಬದಿಯಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ನೀರಿನ ಕ್ಯಾನು. ಗುಬ್ಬಿ ಕಡೆಯ ಹಾಗಲವಾಡಿಯಿಂದ ಪುಟ್ಟಗಂಗಮ್ಮನ ತಂಗಿ ಗಂಗಲಕ್ಷ್ಮಮ್ಮನನ್ನು ಕಾರಿನಲ್ಲಿ ಕರೆತಂದು ಕೂರಿಸಿದ್ದರು. ತೊಂಬತ್ತರ ಹತ್ತಿರದ ಮುದುಕಿ. ಕಣ್ಣಿನ ಪೊರೆ ತೆಗೆಸಿದ್ದರಿಂದ ನೋಟ ಚೊಕ್ಕ, ಬುದ್ಧಿ ಮಾತ್ರ ಆಗಾಗ ಹಿಂದಕ್ಕೆ ಓಡುತ್ತಿತ್ತು. ವೆಂಕಟ ಎಲ್ಲಿ, ಅವನಿಗೆ ಊಟ ಹಾಕಿದಿರಾ ಎಂದು ಕೇಳಿದಳು. ಅಕ್ಕ ಎಲ್ಲಿ ಎಂದೂ ಕೇಳಿದಳು. ಅಕ್ಕ ಗೋಡೆ ಕಡೆ ತಿರುಗಿಕೊಂಡು ಉಣ್ಣುತ್ತಿದ್ದಳು, ಗಂಡನ ಎದುರಿಗೂ ಬಾಯಿ ತೆರೆಯುತ್ತಿರಲಿಲ್ಲ ಎಂದು ತಾನೇ ಹೇಳಿದಳು. ಯಾಕಜ್ಜಿ ಎಂದು ಯಾರೋ ಕೇಳಿದ್ದಕ್ಕೆ, "ಯೋಳ್ಬಾರ್ದು. ಮಾತು ಕೊಟ್ಟಿವ್ನಿ" ಎಂದು ತುಟಿ ಬಿಗಿದಳು. ಮುದುಕಿಯ ಮಾತು ಬುಡು ಎಂದು ಎಲ್ಲರೂ ಬಿಟ್ಟರು.

ಎಲ್ಲವನ್ನೂ ನಡೆಸುತ್ತಿದ್ದವರು ಕದರಯ್ಯ. ಅಪ್ಪನ ದಾಯಾದಿ ಅಣ್ಣ, ಮನೆತನಕ್ಕೆ ಹಿರಿಯರು. ಪ್ರೇಮಲತಾ ಹೋಗಿ ಅವರ ಮುಂದೆ ನಿಂತಳು.

"ದೊಡ್ಡಪ್ಪ, ಅಪ್ಪಂಗೆ ಮೊದಲ ಮಣ್ಣು ನಾನು ಹಾಕ್ಬೇಕು."

ಕದರಯ್ಯ ಟವೆಲಿನಿಂದ ಮುಖ ಒರೆಸಿಕೊಂಡರು. "ನೋಡವ್ವ, ನನ್ ಮನಸಲ್ಲಿ ಏನೂ ಇಲ್ಲ. ಆದ್ರೆ ನಿಮ್ಮಜ್ಜಿ ಒಂದು ಮಾತು ಅಂದು ಹೋಗವ್ಳೆ. ಅವಳ ಪಕ್ಕದಲ್ಲೇ ಇವನ್ನ ಮಲಗಿಸ್ತಾ ಇರೋದು. ಅವಳ ಮಾತು ಮೀರಿ ನಾನ್ ಮಾಡ್ದೆ ಅಂತ ಆಗ್ಬಾರ್ದು."

ಸತ್ತವಳ ಮಾತಿಗೆ ಇರುವ ಬೆಲೆ ಬದುಕಿದವಳ ಮಾತಿಗೆ ಇಲ್ಲ. ಪ್ರೇಮಲತಾ ತಾಯಿಯ ಕಡೆ ನೋಡಿದಳು. ಸುಬ್ಬಲಕ್ಷ್ಮಮ್ಮ ದೂರದಿಂದಲೇ ಎಲ್ಲವನ್ನೂ ಕೇಳಿಸಿಕೊಂಡಂತಿತ್ತು. ಹೆತ್ತವಳು ನಾನು ಹೇಳುತ್ತಿದ್ದೇನೆ ಎಂದು ಅವರು ಎಷ್ಟೋ ವರ್ಷ ಹೇಳಿ, ಸಾಕಾಗಿ ಬಿಟ್ಟಿದ್ದರು. ಅದೂ ಅಲ್ಲದೆ ಕತ್ತಲೆಯಲ್ಲಿ ಹೆತ್ತವಳಿಗೇನು ಗೊತ್ತು ಎಂದು ಜನ ಅದಕ್ಕೂ ಉತ್ತರ ಇಟ್ಟುಕೊಂಡಿದ್ದರು.

*

ಒಂಬತ್ತು ವರ್ಷವಾದರೂ ಪ್ರೇಮಲತಾಳ ಮೇಲಿನ ಸಾಲಿನಲ್ಲಿ, ಎಡಗಡೆ, ಮುಂದಿನ ಹಲ್ಲಿನ ಪಕ್ಕದ ಹಲ್ಲು ಬರಲಿಲ್ಲ. ಬಲಗಡೆ ಬಂದದ್ದು ಅಕ್ಕಿಕಾಳಿನಷ್ಟು ಚಿಕ್ಕದು, ತುದಿ ಚೂಪು. ಅಪ್ಪ ತುಮಕೂರಿನ ದಂತವೈದ್ಯರ ಹತ್ತಿರ ಕರೆದೊಯ್ದರು. ಎಕ್ಸ್‌ರೇ ತೆಗೆದ ವೈದ್ಯರು, ಒಳಗೆ ಹಲ್ಲಿನ ಮೊಳಕೆಯೇ ಇಲ್ಲ, ಹುಟ್ಟುವುದೇ ಇಲ್ಲ ಎಂದರು. ಅಪ್ಪ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರು. ನೋಡುತ್ತಾ ನೋಡುತ್ತಾ ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ವೈದ್ಯರು ಗಾಬರಿಯಾಗಿ ಕುರ್ಚಿ ಎಳೆದುಕೊಟ್ಟರು.

ಅವತ್ತು ಕ್ಯಾತ್ಸಂದ್ರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಕೊಡಿಸಿ, ತಾವು ತಿನ್ನದೆ ಅವಳ ಬಾಯಿಯನ್ನೇ ನೋಡುತ್ತಾ ಕೂತಿದ್ದರು. ನಗು ಮಗಾ, ಇನ್ನೊಂದು ಸಲ ನಗು ಎನ್ನುತ್ತಿದ್ದರು. ಸ್ಕೂಲಿನಲ್ಲಿ ಕಿಂಡಿ ಎಂದು ಕರೆಸಿಕೊಂಡ ಹುಡುಗಿಗೆ ಅದು ತಮಾಷೆಯಾಗಿ ಕಾಣಲಿಲ್ಲ. ಅವಳು ಕೈ ಅಡ್ಡ ಇಟ್ಟುಕೊಂಡು ತಿಂದಳು. ಕಟ್ಟಿಸಿದ ಹಲ್ಲು ಬೇಕು ಎಂದು ಅವಳು ಕೇಳಿದಾಗಲೆಲ್ಲ ಬೇಡ ಎಂದರು. ಮದುವೆ ನಿಶ್ಚಯವಾದ ಮೇಲೆ ಅವಳೇ ಹೋಗಿ, ತೆಗೆದು ಹಾಕುವಂಥ ಒಂದು ಹಲ್ಲು ಮಾಡಿಸಿಕೊಂಡು ಬಂದಳು. ಅಪ್ಪ ನೋಡಿದವರೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ವಾರ ಮಾತಿಲ್ಲ.

ಎಷ್ಟೋ ವರ್ಷದ ಮೇಲೆ, ನೆಂಟರ ಮದುವೆಯೊಂದರಲ್ಲಿ ಯಾರೋ ಅದೇ ಹಳೇ ಮಾತು ತೆಗೆದಾಗ, ಅವಳು ಅಪ್ಪನಿಗೆ ಡಿಎನ್‌ಎ ಟೆಸ್ಟ್ ಮಾಡಿಸೋಣ ಎಂದಳು. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಅವಳು. ಎಂಜಲು ಕೊಟ್ಟರೆ ಸಾಕು, ಬಾಯಿ ಮುಚ್ಚಿಸಬಹುದು ಎಂದಳು.

"ನಾನು ಇಲಿ ಬುರುಡೆ ಅಳೆಯೋನು," ಎಂದರು ಅಪ್ಪ. "ಮಗಳ್ನ ಅಳೆಯಲ್ಲ. ಪ್ರೂಫ್ ತೋರಿಸಿ ಮಗಳು ಅನ್ನಿಸ್ಕೋಬೇಕಾ ನೀನು?"

ಇಡೀ ಬದುಕು ಅಳೆಯುತ್ತಾ ಕಳೆದ ಮನುಷ್ಯ ಇಲ್ಲಿ ಮಾತ್ರ ಯಾಕೆ ಹಿಂದೆ ಸರಿದರು? ಅಪ್ಪನಿಗೂ ಅನುಮಾನ ಇದೆ, ಗೊತ್ತಾಗಿಬಿಟ್ಟೀತು ಎಂಬ ಹೆದರಿಕೆ ಇದೆ. ಪ್ರೇಮಲತಾ ಅದನ್ನು ಹಾಗೆಯೇ ತಿಳಿದಳು. ಆ ತಿಳುವಳಿಕೆ ಅವಳೊಳಗೆ ಕೂತು ಕೊರೆಯಿತು.

ಹೋದ ವಾರ ಆಸ್ಪತ್ರೆಯಲ್ಲಿ ತಡೆಯಲಾಗದೆ ಕೇಳಿಯೇಬಿಟ್ಟಳು. ಅಪ್ಪನಿಗೆ ಮಾತು ನಿಂತಿತ್ತು, ಗಂಟಲಿಗೆ ಪೈಪು ಇತ್ತು. "ಅಪ್ಪ, ನಾನು ನಿಮ್ಮವಳೇನಾ?" ಅವರು ಕೈ ಎತ್ತಿ, ಒಂದು ಬೆರಳನ್ನು ಅವಳ ಮೇಲ್ತುಟಿಯ ಮೇಲೆ ಇಟ್ಟರು. ಎಡಗಡೆಗೆ. ಒತ್ತಿ ಹಿಡಿದರು. ಕೊನೆಗೂ ಸುಮ್ಮನಿರು ಅಂದರಲ್ಲ ಎಂದು ಅವಳು ಎದ್ದು ಹೊರಗೆ ಹೋಗಿ ಅತ್ತಳು.

*

ಗುಂಡಿ ತೋಡಲು ಬಂದಿದ್ದ ಜೆಸಿಬಿ ತಟ್ಟನೆ ನಿಂತಿತು. ಗುಂಡಿಯ ಬಳಿ ಇದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

ಆ ಮನೆಯಲ್ಲಿ ಹೂತವರ ತಲೆಯ ಕಡೆಗೆ ಒಂದು ತೆಂಗಿನ ಸಸಿ ನೆಡುವುದು ಪದ್ಧತಿ. ಕಲ್ಲೂ ಇಲ್ಲ, ಹೆಸರೂ ಇಲ್ಲ. ಮರವೇ ಗುರುತು. ಪುಟ್ಟಗಂಗಮ್ಮನ ಮರವನ್ನು ಎಂದೋ ಹುಳು ತಿಂದು ಹಾಕಿತ್ತು. ಮೋಹನನ ಅಪ್ಪ ಆ ಬುಡ ಕೀಳಿಸಿ, ಸಾಲು ಸರಿಯಿರಲಿ ಎಂದು ಬೇರೆ ಸಸಿಯನ್ನು ಒಂದು ಮಾರು ಆಚೆಗೆ ನೆಟ್ಟಿದ್ದರು. ಇವತ್ತಿನ ತನಕ ಅದು ಯಾರಿಗೂ ನೆನಪಿಗೆ ಬಂದಿರಲಿಲ್ಲ. ಹೊಸ ಮರವನ್ನೇ ಹಳೇ ಮರ ಎಂದು ಲೆಕ್ಕ ಹಿಡಿದು, ಮಗನಿಗೆ ಪಕ್ಕದಲ್ಲಿ ಜಾಗ ಎಂದುಕೊಂಡು, ತಾಯಿಯ ಗುಂಡಿಯನ್ನೇ ತೆರೆದಿದ್ದರು. ಕೆಂಪು ಮಣ್ಣಿನ ಗೋಡೆಯಲ್ಲಿ ತಲೆಬುರುಡೆ ಅರ್ಧ ಹೊರಗೆ ಬಂದಿತ್ತು.

"ಮುಚ್ಚಿ ಬೇರೆ ಕಡೆ ತೋಡಣ," ಎಂದ ಮೋಹನ. ಅವನ ದನಿ ಬದಲಾಗಿತ್ತು.

"ತೆಗೆದ ಗುಂಡಿ ಖಾಲಿ ಮುಚ್ಚಕ್ಕಾಯ್ತದಾ?" ಎಂದರು ಕದರಯ್ಯ. "ಇನ್ನೊಂದು ಹೆಣ ಕೇಳ್ತದೆ. ಅವಳ್ನ ಎತ್ತಿ ತಲೆ ಕಡೆ ಗೂಡು ಮಾಡಿ ಇಡ್ಬೇಕು. ಮನೆ ರಕ್ತದೋರೇ ಎತ್ಬೇಕು, ಬೇರೆಯವರು ಮುಟ್ಟಂಗಿಲ್ಲ. ಇಳಿ ಮೋಹನ."

ಮೋಹನ ಗುಂಡಿಯ ಅಂಚಿಗೆ ಹೋದ. ಇಣುಕಿದ. ಹಿಂದಕ್ಕೆ ಬಂದು, ಗ್ಲೌಸ್ ತರಿಸೋಣ ಎಂದ. ಅಜ್ಜಿಯನ್ನು ಮುಟ್ಟಲು ಗ್ಲೌಸಾ ಎಂದು ಕದರಯ್ಯ ಕೇಳಿದರು. ಅವನು ತೆಂಗಿನ ಬುಡವೊಂದನ್ನು ಹಿಡಿದು ಕೂತುಬಿಟ್ಟ.

ಅಷ್ಟರಲ್ಲಿ ಪ್ರೇಮಲತಾ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು ಗುಂಡಿಗೆ ಇಳಿದಾಗಿತ್ತು. ಕದರಯ್ಯ ಬೇಡ ಪ್ರೇಮವ್ವ, ನೀನು ಬೇಡ ಎನ್ನುತ್ತಲೇ ಇದ್ದರು.

"ಬುರುಡೆ ನಂಗೆ ಹೊಸದಲ್ಲ ದೊಡ್ಡಪ್ಪ."

ಒಳಗೆ ತಂಪಿತ್ತು. ಅಪ್ಪ ಉಂಡೆ ಬಿಡಿಸುತ್ತಿದ್ದ ಹಾಗೆಯೇ ಬುರುಡೆಯ ಸುತ್ತಲಿನ ಮಣ್ಣನ್ನು ಬೆರಳಿನಿಂದ ಬಿಡಿಸಿ, ಕೆಳಗೆ ಅಂಗೈ ಕೊಟ್ಟು, ಮೆತ್ತಗೆ ಎತ್ತಿದಳು. ಜ್ವರದಲ್ಲಿ ಬಂದು ನಿಲ್ಲುತ್ತಿದ್ದ ಹೆಂಗಸು ಈಗ ಕೈಯೊಳಗೆ ಇದ್ದಳು. ಇಷ್ಟೇನಾ ನೀನು ಎಂದು ಕೇಳಬೇಕೆನಿಸಿತು. ಸೆರಗಿರಲಿಲ್ಲ. ಅಜ್ಜಿಯ ಬಾಯಿಯನ್ನು ಅವಳು ಮೊದಲ ಸಲ ನೋಡುತ್ತಿದ್ದಳು.

ಮೇಲಿನ ಸಾಲಿನ ಹಲ್ಲುಗಳು ಮಣ್ಣು ಹಿಡಿದು ಕೆಂಪಾಗಿದ್ದವು. ಅವಳು ಹೆಬ್ಬೆರಳಿನಿಂದ ಒರೆಸಿದಳು. ಬಲಗಡೆ, ಮುಂದಿನ ಹಲ್ಲಿನ ಪಕ್ಕದಲ್ಲಿ, ಅಕ್ಕಿಕಾಳಿನಷ್ಟು ಒಂದು ಹಲ್ಲು, ತುದಿ ಚೂಪು. ಎಡಗಡೆ ಖಾಲಿ.

ಅವಳು ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಗುಳಿ ಇರಲಿಲ್ಲ. ನುಣ್ಣಗಿತ್ತು.

ಅವಳ ನಾಲಿಗೆ ಕಟ್ಟಿಸಿದ ಹಲ್ಲಿನ ಹಿಂದೆ ಹೋಗಿ ನಿಂತಿತು. ಅದೇ ಜಾಗ. ಮೇಲ್ತುಟಿಯ ಮೇಲೆ, ಎಡಗಡೆ, ಅಪ್ಪನ ಬೆರಳು ಈಗಲೂ ಒತ್ತುತ್ತಿದ್ದಂತೆ ಅನ್ನಿಸಿತು. ಸುಮ್ಮನಿರು ಎಂದದ್ದಲ್ಲ ಅದು. ಕೇಳಿದ್ದಕ್ಕೆ ಉತ್ತರ ಹೇಳಿದ್ದು. ತಾಯಿಯ ಮಡಿಲಲ್ಲಿ ಮಲಗಿದ ಮಗುವಿಗೆ ಸೆರಗಿನ ಕೆಳಗಿನ ಬಾಯಿ ಕಾಣುತ್ತದೆ. ಅಪ್ಪ ಕಂಡಿದ್ದರು. ಎಕ್ಸ್‌ರೇ ಹಿಡಿದು ನಕ್ಕ ದಿನದಿಂದ ಅವರಿಗೆ ಗೊತ್ತಿತ್ತು, ಒಂದು ದಿನವೂ ಅನುಮಾನ ಇರಲಿಲ್ಲ. ತಾಯಿ ಮುಚ್ಚಿಟ್ಟದ್ದನ್ನು ಬಿಚ್ಚಿ ಹೇಳಲಿಲ್ಲ, ಮಗಳಿಗೆ ಪ್ರೂಫ್ ಬೇಕು ಎಂದು ಒಪ್ಪಲೂ ಇಲ್ಲ. ಇಬ್ಬರ ಮಾನವನ್ನೂ ಕಾಯಲು ಹೋಗಿ ಬಾಯಿ ಮುಚ್ಚಿಕೊಂಡೇ ಹೋದರು. ಒಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವೇ ಅಪ್ಪ, ಒಂದೇ ಒಂದು ಮಾತು. ಸಿಟ್ಟೂ ಪ್ರೀತಿಯೂ ಒಟ್ಟಿಗೆ ಎದ್ದವು.

ಮೇಲಿನಿಂದ ಕದರಯ್ಯ ಏನಾಯ್ತವ್ವ ಎಂದು ಕೂಗಿದರು. ಏನಿಲ್ಲ ಎಂದಳು. ಉಳಿದ ಮೂಳೆಗಳನ್ನೂ ಆಯ್ದು, ತಲೆ ಬರುವ ದಕ್ಷಿಣದ ಗೋಡೆಯಲ್ಲಿ ಗೂಡು ಕೊರೆದು ಅಜ್ಜಿಯನ್ನು ಇಟ್ಟಳು. ಆಮೇಲೆ ಜನರಿಗೆ ಬೆನ್ನು ಮಾಡಿ ಬಾಯಿಗೆ ಕೈ ಹಾಕಿ, ಕಟ್ಟಿಸಿದ ಹಲ್ಲನ್ನು ತೆಗೆದು, ಅದನ್ನೂ ಅಜ್ಜಿಯ ಪಕ್ಕದಲ್ಲಿಟ್ಟು ಮಣ್ಣು ಮೆತ್ತಿದಳು.

*

ಅಪ್ಪನನ್ನು ಇಳಿಸುವ ಮೊದಲು ಕಟ್ಟುಗಳನ್ನೆಲ್ಲ ಬಿಚ್ಚಬೇಕು. ಕಟ್ಟಿನೊಂದಿಗೆ ಹೂಳುವಂತಿಲ್ಲ. ಕಾಲಿನ ದಾರವನ್ನು ಜಯಪ್ರಕಾಶ ಬಿಚ್ಚಿದ. ದವಡೆಯ ಪಟ್ಟಿಯನ್ನು ಕಟ್ಟಿದವಳೇ ಬಿಚ್ಚಲಿ ಎಂದು ಸುಬ್ಬಲಕ್ಷ್ಮಮ್ಮ ಹೇಳಿದರು. ಕದರಯ್ಯನ ಪಕ್ಕದಲ್ಲಿ ಮಣ್ಣಿನ ಬುಟ್ಟಿ ಇತ್ತು. ಮೋಹನ ಎದ್ದು ಬಂದು ಒಂದು ಹಿಡಿ ಮಣ್ಣು ತೆಗೆದುಕೊಂಡು ಸಿದ್ಧವಾಗಿ ನಿಂತಿದ್ದ.

ಬೆಳಿಗ್ಗೆ ಬಿಗಿಯಾಗಿ ಹಾಕಿದ ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ. ಪ್ರೇಮಲತಾ ಮಂಡಿಯೂರಿ, ಎರಡೂ ಕೈಗಳಿಂದ ಎಳೆದಾಡಿ ಬಿಚ್ಚಿದಳು. ಪಟ್ಟಿ ಸಡಿಲವಾದದ್ದೇ ತಡ, ಅಪ್ಪನ ದವಡೆ ಮೆಲ್ಲಗೆ ಇಳಿದು ಬಾಯಿ ತೆರೆಯಿತು. ಈಗ ಹೇಳ್ತೀರಾ, ಈಗ, ಎಂದಳು ಅವಳು. ಹೇಳುತ್ತಿದ್ದಂತೆ ಅಳು ನುಗ್ಗಿತು. ಎರಡೂ ಕೈ ಅಪ್ಪನ ತಲೆಯ ಕೆಳಗೆ ಇದ್ದವು. ಬಾಯಿಗೆ ಅಡ್ಡ ಇಡಲು ಕೈ ಇರಲಿಲ್ಲ. ಅವಳು ಮುಖ ಎತ್ತಿ, ಬಾಯಿ ತೆರೆದು, ಎಲ್ಲರ ಎದುರಿಗೇ ಅತ್ತಳು.

ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಗಂಗಲಕ್ಷ್ಮಮ್ಮ ಎರಡೂ ಕೈ ಊರಿ ಎದ್ದು ನಿಂತಳು. ಹಿಡಿಯಲು ಬಂದವರನ್ನು ತಳ್ಳಿದಳು. ಅವಳ ಕಣ್ಣು ಪ್ರೇಮಲತಾಳ ಬಾಯಿಯ ಮೇಲಿಂದ ಅಲುಗಲಿಲ್ಲ.

"ಅಕ್ಕಾ," ಎಂದಳು, ಗುಟ್ಟು ಹೇಳುವ ದನಿಯಲ್ಲಿ. "ಕಿಂಡಿ ಕಾಣ್ತೈತೆ. ಸೆರಗು ಮುಚ್ಕೊಳೇ ಅಕ್ಕ, ಜನ ನೋಡ್ತವ್ರೆ."

ಕದರಯ್ಯ ಮುದುಕಿಯನ್ನು ನೋಡಿದರು, ಪ್ರೇಮಲತಾಳ ಬಾಯಿ ನೋಡಿದರು, ಗುಂಡಿಯ ಗೋಡೆಯಲ್ಲಿ ಹೊಸದಾಗಿ ಮೆತ್ತಿದ ಹಸಿ ಮಣ್ಣನ್ನು ನೋಡಿದರು. ಮೋಹನ ಹಿಡಿದಿದ್ದ ಮಣ್ಣು ಬೆರಳ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಉದುರಿ ಅವನ ಕಾಲ ಮೇಲೆ ಬೀಳುತ್ತಿತ್ತು. ಕದರಯ್ಯ ಬಗ್ಗಿ, ಬುಟ್ಟಿಯನ್ನು ಎಳೆದು ತಂದು ಪ್ರೇಮಲತಾಳ ಮಂಡಿಯ ಪಕ್ಕದಲ್ಲಿಟ್ಟರು.

ಮುದುಕಿ ಇನ್ನೂ ಸೆರಗು, ಸೆರಗು ಎನ್ನುತ್ತಿದ್ದಳು. ಪ್ರೇಮಲತಾ ಅಪ್ಪನ ತಲೆಯನ್ನು ಮೆಲ್ಲಗೆ ಕೆಳಗಿಟ್ಟು, ಜನ ಅಪ್ಪನನ್ನು ಗುಂಡಿಗೆ ಇಳಿಸಿದ ಮೇಲೆ ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡಳು.